ಸರಿಯಿದೆ ಎಂದ ಮೀಟರು

ಭಾನುವಾರ, ಮಧ್ಯಾಹ್ನ
ಹಿತ್ತಲ ಮೆಟ್ಟಿಲ ಮೇಲಿಂದ

ಲಿಫ್ಟ್ ಸಾಹೇಬರಿಗೆ,

ಹೇಗಿದ್ದೀರಿ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರಾ ಎಂದೆಲ್ಲ ಕೇಳಿ ಶುರು ಮಾಡಬೇಕು. ಕೇಳಿದ್ದೇನೆ ಎಂದುಕೊಳ್ಳಿ. ಇವತ್ತು ಉಪಚಾರಕ್ಕೆ ನನಗೆ ಪುರುಸೊತ್ತಿಲ್ಲ. ಬೆರಳಿಗೆ ಬೇರೆ ಬಟ್ಟೆ ಸುತ್ತಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಬೈಯಬೇಡಿ. ಬೆರಳಿಗೆ ಏನಾಯಿತು ಎನ್ನುವುದು ಮುಂದೆ ಬರುತ್ತದೆ.

ಫೋನು ಇರುವಾಗ ಕಾಗದ ಯಾಕೆ ಎನ್ನುತ್ತೀರಿ. ಫೋನಿನಲ್ಲಿ ನಿಮ್ಮ ಅಪ್ಪನ ಮಾತು ಎತ್ತಿದ ತಕ್ಷಣ ನೀವು ರಿಪೇರಿಗೆಂದು ಯಾವುದೋ ಲಿಫ್ಟಿನೊಳಗೆ ಹೋಗಿಬಿಡುತ್ತೀರಿ, ಸಿಗ್ನಲ್ ಸಿಗುವುದಿಲ್ಲ. ಊರಿನ ಲಿಫ್ಟುಗಳೆಲ್ಲ ಸರಿಯಾಗಿ ನಾನು ಮಾವನ ಹೆಸರು ಹೇಳುವ ಹೊತ್ತಿಗೇ ಕೆಡುವುದು ಹೇಗೋ ನನಗೆ ತಿಳಿಯದು. ಕಾಗದವನ್ನಾದರೆ ಲಿಫ್ಟಿನೊಳಗೂ ಓದಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ಪ್ರತಿ ಸಲ ನೀವು ಕೇಳಿದಾಗ “ಎಲ್ಲ ಸರಿಯಾಗಿದೆ” ಎಂದೆ. ಸರಿಯಾಗಿರಲಿಲ್ಲ. ಹಿತ್ತಲ ಆಂಟೆನಾ ಕೆಟ್ಟಿತ್ತು. ಆಂಟೆನಾ ಕೆಟ್ಟರೆ ಲೋಕ ಮುಳುಗುತ್ತದೆಯೇ ಎಂದು ನೀವು ನಗಬಹುದು. ನಮ್ಮ ಮನೆಯ ಲೋಕ ಅರ್ಧ ಮುಳುಗಿತು, ಕೇಳಿ.

ನೀವು ಹೋಗುವ ಹೊತ್ತಿಗೆ ಮಾವ ಎಡಗೈ ಪಳಗಿಸಿಕೊಂಡಿದ್ದರು. ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋದ ಮೇಲೆ, ನಾಲಿಗೆ ಹೊರಳದೆ ಮಾತು ಗಂಜಿಯಾದ ಮೇಲೆ, ಹಡಗಿನಲ್ಲಿ ಜೀವಮಾನವೆಲ್ಲ ರೇಡಿಯೊ ಆಪರೇಟರಾಗಿದ್ದ ಮನುಷ್ಯ ಸುಮ್ಮನೆ ಕೂರಲಿಲ್ಲ. ಬಡಿತದಲ್ಲೇ ಅಕ್ಷರ ಕಳಿಸುವ ಮೋರ್ಸ್ ಕೀಯನ್ನು ಎಡಗೈಯಲ್ಲಿ ಬಡಿಯುವುದನ್ನು ಮಗು ಅಕ್ಷರ ತಿದ್ದಿದ ಹಾಗೆ ಕಲಿತರು. ಬೆಳಿಗ್ಗೆ ಎದ್ದವರೇ ಗಾಳಿಯಲ್ಲೇ ಮಾತು ಕಳಿಸಿ ತರಿಸುವ ಹ್ಯಾಮ್ ರೇಡಿಯೊ ಹಚ್ಚಿ ತಮ್ಮ ಹಳೆಯ ಗೆಳೆಯರನ್ನು ಕರೆಯುತ್ತಿದ್ದರು. ಆ ಒಂದು ಗಂಟೆ ಅವರು ರೋಗಿಯಲ್ಲ. ನನ್ನ ಜೊತೆಗಿನ ಮಾತೂ ಅದೇ ಭಾಷೆಯಲ್ಲಿ, ಊಟದ ತಟ್ಟೆಯ ಅಂಚಿಗೆ ಚಮಚದಿಂದ ಟಕ್ ಟಕ್. ಉಪ್ಪು ಕಡಿಮೆ ಎಂದು ಅವರು ಬಡಿದು, ಅದನ್ನು ನಾನು ಬಿಡಿಸಿಕೊಂಡು, ಎದ್ದು ಉಪ್ಪು ತರುವಷ್ಟರಲ್ಲಿ ಊಟ ತಣ್ಣಗಾಗಿರುತ್ತಿತ್ತು. ಆದರೂ ಅದು ಮಾತೇ. ಮಾತಿರುವ ಮನೆಯೇ ಬೇರೆ.

ನೀವು ಮನೆ ಬಿಟ್ಟ ಆ ಭಾನುವಾರದ ಸಂಗತಿ ನಾವಿಬ್ಬರೂ ಮತ್ತೆ ಎತ್ತಿಲ್ಲ. ಈಗ ಎತ್ತಲೇಬೇಕು. ಹಳೆಯ ಕೇಬಲನ್ನು ನಾಯಿ ಕಚ್ಚಿತ್ತು, ನೀವು ಹೊಸದು ತಂದು ಆಂಟೆನಾದ ಬುಡದಲ್ಲಿ ಕೂತು ಜೋಡಿಸುತ್ತಿದ್ದಿರಿ. ಮಾವ ಒಳಗೆ ಕಿಟಕಿ ತೆರೆದುಕೊಂಡು ಪರೀಕ್ಷೆಗೆಂದು ಬಡಿಯುತ್ತಿದ್ದರು. ಒಂದೇ ಅಕ್ಷರದಲ್ಲಿ ಮತ್ತೆ ಮತ್ತೆ ಎಡವುತ್ತಿದ್ದರು. ನಾನು ಬಟ್ಟೆ ಒಣಹಾಕುತ್ತಿದ್ದೆ. ನೀವು ಕೂತಲ್ಲಿಂದಲೇ ಕೂಗಿದಿರಿ: “ಸಾಕು ನಿಲ್ಸಪ್ಪಾ. ನಿನ್ನ ಎಡಗೈ ಬಡಿತ ಯಾರಿಗೂ ತಿಳಿಯಲ್ಲ. ಪಾಪ ಅಂತ ಉತ್ತರ ಕೊಡ್ತಾರೆ ಅಷ್ಟೆ.” ಆಸ್ಪತ್ರೆ, ಕೆಲಸ, ಮನೆ ಎಂದು ಓಡಾಡಿ ನೀವೂ ಸೋತಿದ್ದಿರಿ, ಅದು ನನಗೆ ಗೊತ್ತಿತ್ತು. ಆದರೂ ನಾನು ಬಾಯಿ ಹಾಕಿದೆ. ಮಾತಿಗೆ ಮಾತು ಬೆಳೆಯಿತು. ಬೇರೆ ಊರಿನ ಶಾಖೆಗೆ ಹೋಗುವ ಅವಕಾಶವನ್ನು ನೀವು ಜೇಬಿನಲ್ಲೇ ಇಟ್ಟುಕೊಂಡಿದ್ದಿರಿ, ಬರುತ್ತೀಯಾ ಎಂದು ಕೇಳಿದಿರಿ. ಇವರನ್ನು ಯಾರ ಕೈಗೆ ಕೊಟ್ಟು ಬರಲಿ ಎಂದೆ. ಸಂಜೆ ನೀವು ಹೊರಟಿರಿ.

ಮೊದಮೊದಲು ಗೆಳೆಯರ ಉತ್ತರ ಬರುತ್ತಲೇ ಇತ್ತು. ಮಳೆ ಹಿಡಿದ ಮೇಲೆ ಒಂದೊಂದಾಗಿ ಕಡಿಮೆಯಾಯಿತು. ಹಡಗಿನ ಅಡುಗೆಯವರಿಲ್ಲ, ಆ ನಿವೃತ್ತ ಮಾಸ್ತರರಿಲ್ಲ, ದಿನಾ ಹವಾಮಾನದ ವರದಿ ಒಪ್ಪಿಸುತ್ತಿದ್ದ ಹಲ್ಲಿನ ಡಾಕ್ಟರೂ ಇಲ್ಲ. ಆಂಟೆನಾ ಕೆಟ್ಟಿರಬಹುದು ಎಂದು ನಾನು ಅಂದೆ. ಮಾವ ಮೀಟರಿನ ಕಡೆ ಬೆರಳು ತೋರಿಸಿದರು. ಆಂಟೆನಾಕ್ಕೆ ಕಳಿಸಿದ ಶಕ್ತಿಯಲ್ಲಿ ಎಷ್ಟು ವಾಪಸ್ ಬಂತು ಎಂದು ತೋರಿಸುವ ಮೀಟರು ಅದು. ಆಂಟೆನಾ ಕೆಟ್ಟಿದ್ದರೆ ಶಕ್ತಿ ಹಿಂದಕ್ಕೆ ಬರಬೇಕು, ಮುಳ್ಳು ಮೇಲಕ್ಕೆ ಏರಬೇಕು. ನಮ್ಮ ಮುಳ್ಳು ಬುಡ ಬಿಟ್ಟು ಕದಲಲಿಲ್ಲ. ಹೊಸದಾಗಿ ನಿಲ್ಲಿಸಿದಾಗಲೂ ಅಷ್ಟು ಚೆನ್ನಾಗಿ ಇರಲಿಲ್ಲ.

ಅಷ್ಟೇ ಅಲ್ಲ, ಸ್ಪೀಕರಿನ ಗೊರಗೊರ ಸದ್ದೂ ತಗ್ಗಿತ್ತು. ಬೀದಿಯ ಮಿಕ್ಸಿ, ಟ್ಯೂಬ್‌ಲೈಟುಗಳ ಗಲಾಟೆಯೆಲ್ಲ ಮೊದಲು ನಮ್ಮ ರೇಡಿಯೊದಲ್ಲೇ ಕೇಳುತ್ತಿತ್ತಲ್ಲ, ಅದು ಮಾಯ. ಬೀದಿಯ ಜನ ಒಳ್ಳೆಯ ಮಿಕ್ಸಿ ಕೊಂಡಿದ್ದಾರೆ ಎಂದು ನಾವು ಸಂತೋಷಪಟ್ಟೆವು. ಪಕ್ಕದ ಮನೆಯ ಟೀಚರು, ನಿಮ್ಮ ಮಾವ ಬಡಿದರೆ ನಮ್ಮ ಟೀವಿಯಲ್ಲಿ ಗೆರೆ ಬರುತ್ತೆ ಕಣ್ರೀ ಎಂದು ಕಾಂಪೌಂಡಿನ ಮೇಲೆ ಕುತ್ತಿಗೆ ಚಾಚುತ್ತಿದ್ದವರು, ಅವರೂ ಬಾಯಿ ಮುಚ್ಚಿದರು. ವಯಸ್ಸಾಯಿತು, ಮೆತ್ತಗಾಗಿದ್ದಾರೆ ಎಂದುಕೊಂಡೆ. ಮನೆಯೊಳಗೆ, ಹೊರಗೆ, ಮೀಟರಿನಲ್ಲಿ, ಎಲ್ಲ ಕಡೆ ನೆಮ್ಮದಿಯೋ ನೆಮ್ಮದಿ. ಆ ನೆಮ್ಮದಿಯೇ ರೋಗ ಎಂದು ನಮಗೆ ಹೊಳೆಯಲಿಲ್ಲ.

ಮಾವ ತಮಗೆ ತಿಳಿದ ಲೆಕ್ಕ ಹಾಕಿದರು. ಆಂಟೆನಾ ಸರಿ, ರೇಡಿಯೊ ಸರಿ, ಹಾಗಾದರೆ ಕೆಟ್ಟಿರುವುದು ತನ್ನ ಕೈ. ಮಗ ಹೇಳಿದ್ದೇ ನಿಜ, ಇಷ್ಟು ದಿನ ಗೆಳೆಯರು ಪಾಪ ಎಂದು ಉತ್ತರ ಕೊಟ್ಟರು, ಈಗ ಅವರಿಗೂ ಸಾಕಾಗಿದೆ. ಇದನ್ನೆಲ್ಲ ಅವರು ತಟ್ಟೆಗೆ ಬಡಿದು ನನಗೆ ಹೇಳಿದರು. ನನಗೆ ಅರ್ಥವಾಗುತ್ತದಲ್ಲ ಮಾವ ಎಂದೆ. ನೀನು ಮನೆಯವಳು, ಗೊಣಗಿದರೂ ಅರ್ಥ ಮಾಡಿಕೊಳ್ಳುತ್ತೀ ಎಂದು ಬಡಿದರು. ಮಾರನೆಯ ದಿನ ನಾನು ಅಂಗಡಿಯಿಂದ ಬರುವಷ್ಟರಲ್ಲಿ ಮೇಜಿನ ಮೇಲಿನ ಕೀಯನ್ನು ಒಂಟಿ ಕೈಯಲ್ಲೇ ಕಳಚಿ, ಬಟ್ಟೆ ಸುತ್ತಿ, ಡಬ್ಬಿಗೆ ಹಾಕಿದ್ದರು. ಅಂದಿನಿಂದ ಚಮಚವೂ ನಿಂತಿತು.

ಇದನ್ನು ನಿಮಗೆ ಹೇಗೆ ತಿಳಿಸಲಿ? ಬಾಯಿಂದ ಮಾತು ಹೋದಾಗ ಅವರು ಅತ್ತಿರಲಿಲ್ಲ. ಈಗ ಅಳುವುದೂ ಇಲ್ಲ, ಬಡಿಯುವುದೂ ಇಲ್ಲ, ಹಿತ್ತಲ ಕಡೆಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತುಬಿಟ್ಟರು. ತುತ್ತು ಇಟ್ಟರೆ ನುಂಗುವರು, ಇಡದಿದ್ದರೆ ಕೇಳರು. ವ್ಯಾಯಾಮ ಮಾಡಿಸಲು ಬರುವವಳು ನನ್ನನ್ನು ಅಡುಗೆಮನೆಗೆ ಕರೆದು, “ಎಡಗೈನೂ ಬಿಗೀತಾ ಇದೆ ಅಕ್ಕ. ಇವ್ರೇ ಕೈ ಬಿಟ್ಟರೆ ನಾನೇನು ಮಾಡ್ಲಿ” ಎಂದಳು. ನಾನು ದಿನವೆಲ್ಲ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಬಂದು, ಅವರನ್ನು ಒರೆಸಿ, ಉಣಿಸಿ, ಮಲಗಿಸಿ, ಅಡುಗೆಮನೆಯ ನೆಲದ ಮೇಲೆ ಕೂತುಬಿಡುತ್ತಿದ್ದೆ. ಏಳಲು ಮನಸ್ಸಾಗುತ್ತಿರಲಿಲ್ಲ. ಸಾಕಾಗಿದೆ ನನಗೆ. ಬರೆದರೆ ಹಗುರಾಗುತ್ತದೆ ಎನ್ನುತ್ತಾರೆ, ಏನೂ ಆಗಿಲ್ಲ.

ಆದರೆ ಈ ಮನುಷ್ಯ ನನ್ನ ಕಣ್ಣೆದುರು ಆರಿಹೋಗುವುದನ್ನು ನೋಡಲು ನನ್ನಿಂದಾಗಲಿಲ್ಲ. ಅವರ ಕೈ ಕೆಟ್ಟಿಲ್ಲ ಎಂದು ನನಗೆ ಖಾತ್ರಿಯಿತ್ತು. ಕೆಟ್ಟಿರುವುದು ಬೇರೆ ಏನೋ, ಅದನ್ನು ಹಿಡಿದು ಅವರ ಮುಂದೆ ಇಡದೆ ಅವರು ನಂಬುವುದಿಲ್ಲ. ಕಪಾಟಿನಿಂದ ಅವರ ಹಳೆಯ ಕೈಪಿಡಿ ಇಳಿಸಿಕೊಂಡು ಹಿತ್ತಲಿಗೆ ಇಳಿದೆ. ಅಂಗಡಿಗೆ ರಜೆ ಇದ್ದ ದಿನವೆಲ್ಲ ಅದೇ ಕೆಲಸ.

ಮೊದಲು ರೇಡಿಯೊ. ಆಂಟೆನಾದ ಕೇಬಲ್ ಕಿತ್ತು, ಆ ಜಾಗದಲ್ಲಿ ರೇಡಿಯೊಕ್ಕೇ ಒಂದು ಬಲ್ಬು ಸಿಕ್ಕಿಸಿ ನೋಡಿದೆ, ಬಲ್ಬು ಝಗ್ಗೆಂದು ಉರಿಯಿತು. ಹಾಗಾದರೆ ಒಳಗಿನದು ಸರಿ. ಆಮೇಲೆ ಅಲ್ಯೂಮಿನಿಯಂ ಕೊಳವೆಯನ್ನು ತುಂಡು ತುಂಡಾಗಿ ಬಿಚ್ಚಿ, ಕೀಲುಗಳ ಕಿಲುಬನ್ನು ಗಾಜು ಉಜ್ಜುವ ಕಾಗದದಿಂದಲೇ ತಿಕ್ಕಿ ಮತ್ತೆ ಕೂಡಿಸಿದೆ. ಏನೂ ಬದಲಾಗಲಿಲ್ಲ. ನಿಂತ ಆಂಟೆನಾಕ್ಕೆ ನೆಲದಲ್ಲೂ ತಂತಿಗಳು ಹರಡಿರಬೇಕು, ಅವು ಕಡಿದರೆ ಅರ್ಧ ಆಂಟೆನಾ ಸತ್ತ ಹಾಗೆ ಎಂದು ಪುಸ್ತಕದಲ್ಲಿತ್ತು. ತರಕಾರಿ ಹೆಚ್ಚುವ ಚಾಕುವಿನಿಂದ ಮಣ್ಣು ಕೆದರಿ ಒಂದೊಂದೇ ತಂತಿಯ ಬಾಲ ಹಿಡಿದು ಹೋದೆ. ಚರಂಡಿ ರಿಪೇರಿಗೆ ಬಂದವನು ಒಂದನ್ನು ಕಡಿದಿದ್ದ. ಸಿಕ್ಕಿತು ಕಳ್ಳ ಎಂದು ಕುಣಿದು ಅದನ್ನು ಬೆಸೆದೆ. ಊಹೂಂ, ಅವನೂ ಅಲ್ಲ. ಟೀಚರು ಕಾಂಪೌಂಡಿನಿಂದ ಇಣುಕಿ, ಹಿತ್ತಲಲ್ಲಿ ನಿಧಿ ಏನಾದರೂ ಇದೆಯಾ ಎಂದು ವಿಚಾರಿಸಿದರು. ಸಿಕ್ಕರೆ ಪಾಲು ಕೊಡುತ್ತೇನೆ ಎಂದೆ.

ಕಳೆದ ವಾರ ಉಳಿದದ್ದು ಒಂದೇ, ಆಂಟೆನಾದ ಬುಡದಲ್ಲಿ ಕೇಬಲ್ ಬಂದು ಕೂಡುವ ಕನೆಕ್ಟರು. ಅದನ್ನು ತಿರುಗಿಸಿ ಬಿಚ್ಚಿ, ಒಳಗೆ ತಿಕ್ಕಿ, ಮತ್ತೆ ಕೂಡಿಸಬೇಕು ಎನ್ನುವಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ ಬಂತು. ಓಡಿದೆ. ಹಾಲು ಒರೆಸಿ, ಒಲೆ ಒರೆಸಿ, ನನ್ನ ಹಣೆಬರಹಕ್ಕೆ ಬೈದು, ನೇರ ರೇಡಿಯೊ ಮೇಜಿಗೆ ಹೋದೆ. ಡಬ್ಬಿಯಿಂದ ಕೀ ತೆಗೆದು ಸಿಕ್ಕಿಸಿದೆ. ಮಾವ ಕತ್ತು ತಿರುಗಿಸಿ ಕೆಂಗಣ್ಣು ಬಿಟ್ಟರು. ಲೈಸೆನ್ಸ್ ಇಲ್ಲದವಳು ಕೀ ಮುಟ್ಟುವುದೆಂದರೆ ಅವರ ಕಾನೂನಿನಲ್ಲಿ ಕೊಲೆಗೆ ಸಮ. ಲೈಸೆನ್ಸಿನವರು ಪಕ್ಕದಲ್ಲೇ ಕೂತಿದ್ದೀರಲ್ಲ ಎಂದು ಹೇಳಿ, ಶಕ್ತಿ ತಗ್ಗಿಸಿ, ಕೀ ಒತ್ತಿದೆ. ಮುಳ್ಳು ಬುಡದಲ್ಲಿ. ನೋಡಿ ಮಾವ, ಕನೆಕ್ಟರನ್ನೂ ಕ್ಲೀನ್ ಮಾಡಿದೆ, ಮುಳ್ಳು ಈಗಲೂ ಸರಿಯಾಗಿದೆ, ಇನ್ನು ಗೆಳೆಯರು ಸಿಕ್ಕೇ ಸಿಗುತ್ತಾರೆ ಎಂದು ಬೀಗಿದೆ.

ಆಮೇಲೆ ಬಿಸಿಲಲ್ಲಿ ಬಿಟ್ಟು ಬಂದ ಸ್ಪ್ಯಾನರ್ ತರಲು ಹಿತ್ತಲಿಗೆ ಹೋದರೆ, ಕೇಬಲಿನ ತುದಿ ನೆಲದ ಮೇಲೆ ಬಿದ್ದಿದೆ. ಹಾಲಿನ ಗಡಿಬಿಡಿಯಲ್ಲಿ ನಾನು ಕೂಡಿಸಿಯೇ ಇರಲಿಲ್ಲ. ಆಂಟೆನಾವೇ ಇಲ್ಲದ ಬರಿಯ ಕೇಬಲಿಗೆ ಮೀಟರು “ಎಲ್ಲ ಸರಿಯಿದೆ” ಎಂದಿತ್ತು.

ನಾನು ಅಲ್ಲೇ ಕುಕ್ಕರಿಸಿದೆ. ನಗು ಬಂತೋ ಅಳು ಬಂತೋ ಗೊತ್ತಿಲ್ಲ. ಒಳಗೆ ಹೋಗಿ, ಮಾವ, ಆಂಟೆನಾ ಬಿಚ್ಚಿಟ್ಟಿದ್ದೇನೆ, ಆದರೂ ಮುಳ್ಳು ಏಳಲಿಲ್ಲ ಎಂದೆ. ಅವರು ನನ್ನ ಮುಖ ನೋಡಿದರು, ಮೀಟರ್ ನೋಡಿದರು. ಮತ್ತೆ ಒತ್ತು ಎಂದು ಸನ್ನೆ ಮಾಡಿದರು. ಒತ್ತಿದೆ. ಅವರ ಮುಖದ ಒಂದು ಪಕ್ಕ ನಗತೊಡಗಿತು, ಇನ್ನೊಂದು ಪಕ್ಕ ಸುಮ್ಮನಿತ್ತು. ಆಮೇಲೆ ಕುರ್ಚಿಯ ಕೈಗೆ ಬೆರಳಿನಿಂದ ಬಡಿದರು. ನೀರು. ಎಷ್ಟೋ ವಾರಗಳ ಮೇಲೆ ಅವರು ಆಡಿದ ಮೊದಲ ಮಾತು ಅದು.

ಕೇಬಲಿನೊಳಗೆ ನೀರು ಹೊಕ್ಕಿತ್ತು. ಕಳಿಸಿದ ಶಕ್ತಿಯನ್ನೆಲ್ಲ ಅದೇ ದಾರಿಯಲ್ಲಿ ನುಂಗುತ್ತಿತ್ತು, ಆಂಟೆನಾಕ್ಕೂ ಹೋಗದು, ವಾಪಸೂ ಬಾರದು. ವಾಪಸ್ ಬಾರದ್ದಕ್ಕೇ ಮೀಟರಿಗೆ ಎಲ್ಲ ಸರಿಯಾಗಿ ಕಂಡದ್ದು. ಹೊರಗಿನಿಂದ ಬರುವ ದನಿಗಳನ್ನೂ ಹಾಗೇ ನುಂಗುತ್ತಿತ್ತು, ಗಲಾಟೆಯನ್ನೂ, ಗೆಳೆಯರನ್ನೂ. ಮಾವ ಆ ಕೇಬಲನ್ನು ಒಳಗೆ ತರಿಸಿ, ತುದಿಯ ಹತ್ತಿರ ಸಿಪ್ಪೆ ಸುಲಿಸಿದರು. ಒಳಗಿನ ತಾಮ್ರ ಕರಿ ಹಸಿರು ಬಣ್ಣಕ್ಕೆ ತಿರುಗಿತ್ತು, ಹಿಂಡಿದರೆ ಒಂದು ಹನಿ ನೀರು ಬಿತ್ತು.

ನೀರು ಎಲ್ಲಿಂದ ಹೊಕ್ಕಿತು ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಬುಡದ ಜೋಡಣೆಗೆ ಟೇಪ್ ಸುತ್ತಿರಲಿಲ್ಲ. ಆ ಭಾನುವಾರ ನೀವು ಎಲ್ಲಿಗೆ ಬಿಟ್ಟು ಎದ್ದಿರೋ ಅಲ್ಲಿಗೇ ನಿಂತಿತ್ತು. ಟೇಪಿನ ಸುರುಳಿ ಪ್ಲಾಸ್ಟಿಕ್ ಹರಿಯದೆ ಸಾಮಾನಿನ ಪೆಟ್ಟಿಗೆಯಲ್ಲೇ ಇತ್ತು. ಮಾವ ಆ ಕನೆಕ್ಟರನ್ನು ಎಡಗೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಸುತ್ತ ಸವರಿದರು. ಅಂಟಿನ ಗುರುತೇ ಇಲ್ಲ. ಅವರಿಗೆ ತಿಳಿಯಿತು ಎಂದು ನನಗೆ ತಿಳಿಯಿತು. ನಿಮ್ಮ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು, ಬಾಯಿಗೆ ಬಂದದ್ದು ಅನ್ನುವವಳಿದ್ದೆ. ಅಷ್ಟರಲ್ಲಿ ಅವರು ನಿಧಾನವಾಗಿ ಬಡಿದರು: ಅವನದೇನಿಲ್ಲ. ಹಳೇ ಕೇಬಲು.

ಕೇಬಲ್ ಎಷ್ಟು ಹಳೆಯದು ಎಂದು ಅವರಿಗೂ ಗೊತ್ತು, ನಮಗೂ ಗೊತ್ತು. ನಾನು ಹೌದು ಮಾವ ಎಂದೆ.

ಹೊಸ ಕೇಬಲ್ ತಂದೆ. ಬೆಸುಗೆ ಹಾಕುವಾಗ ಬೆರಳು ಸುಟ್ಟುಕೊಂಡೆ, ಬಟ್ಟೆ ಸುತ್ತಿದ್ದು ಅದಕ್ಕೇ. ಕುರ್ಚಿಯನ್ನು ಹಿತ್ತಲ ಬಾಗಿಲಿಗೆ ಎಳೆಸಿಕೊಂಡು ಮಾವ ಮೇಸ್ತ್ರಿಯ ಹಾಗೆ ಕೂತರು. ಟೇಪ್ ಸುತ್ತುವಾಗಂತೂ ಕೋಲಿನಿಂದ ನೆಲ ಬಡಿದು ಬಡಿದು ಪ್ರಾಣ ಹಿಂಡಿದರು. ಇಲ್ಲಿ ಸಡಿಲ, ಅಲ್ಲಿ ಸುಕ್ಕು, ಬಿಚ್ಚು, ಮತ್ತೆ ಸುತ್ತು. ಬೇಕಾದರೆ ನೀವೇ ಬಂದು ಸುತ್ತಿ ಎಂದು ರೇಗಿದೆ. ಅದಕ್ಕೂ ಅರ್ಧ ಮುಖದ ನಗು.

ನಿನ್ನೆ ಬೆಳಿಗ್ಗೆ ಕೀಯನ್ನು ಮೇಜಿಗೆ ಬಿಗಿದುಕೊಟ್ಟೆ. ರೇಡಿಯೊ ಹಚ್ಚಿದ ಕೂಡಲೇ ಬೀದಿಯ ಗಲಾಟೆಯೆಲ್ಲ ಸ್ಪೀಕರಿನಿಂದ ಧುಮುಕಿತು. ಮೀಟರಿನ ಮುಳ್ಳು ಮೊದಲಿನ ಹಾಗೆ ಒಂದಿಷ್ಟು ಮೇಲೇ ನಿಂತಿತು. ಆ ಮುಳ್ಳು ನೋಡಿ ನನಗೆ ಹೋದ ಜೀವ ಬಂತು. ಮಾವ ಕರೆದರು. ಹಡಗಿನ ಅಡುಗೆಯವರು ತಕ್ಷಣ ಸಿಕ್ಕರು. ಎಲ್ಲಿ ಸತ್ತಿದ್ದೆ ಮಾರಾಯ, ಸೊಳ್ಳೆ ಗುಂಯ್ ಎಂದ ಹಾಗೆ ನಿನ್ನ ಬಡಿತ ಕೇಳುತ್ತಿತ್ತು, ನಾನು ದಿನಾ ಕರೆದೆ, ನೀನು ತಿರುಗಿಯೂ ನೋಡಲಿಲ್ಲ ಎಂದು ಅವರು ಬಡಿದರಂತೆ. ಕೈ ತಿಳಿಯುತ್ತದಾ ಎಂದು ಮಾವ ಕೇಳಿದರು. ನಿನ್ನ ಬಲಗೈಗಿಂತ ಈ ಕೈ ಎಷ್ಟೋ ವಾಸಿ, ಆಗ ನೀನು ಅವಸರದಲ್ಲಿ ಅರ್ಧಕ್ಕರ್ಧ ನುಂಗುತ್ತಿದ್ದೆ ಎಂದು ಉತ್ತರ ಬಂತು. ಮಾವ ಇದನ್ನು ನನಗೆ ತಟ್ಟೆಯ ಮೇಲೆ ಎರಡು ಸಲ ಬಡಿದು ಹೇಳಿದರು. ಮಧ್ಯಾಹ್ನ ಟೀಚರು ಟೀವಿಯ ದೂರು ಹೊತ್ತು ಬಂದರು. ಅವರನ್ನು ಕೂರಿಸಿ ಚಹಾ ಕೊಟ್ಟೆ. ಯಾಕೆ ಇಷ್ಟು ಮರ್ಯಾದೆ ಎಂದು ಅವರು ಗಾಬರಿಯಾದರು.

ಇವತ್ತು ಗೆಳೆಯರ ಜೊತೆ ಮಾತು ಮುಗಿದ ಮೇಲೂ ಮಾವ ಎದ್ದಿಲ್ಲ. ಇನ್ನೂ ಯಾರನ್ನೋ ಕರೆಯುತ್ತಲೇ ಇದ್ದಾರೆ. ಯಾರನ್ನು ಎಂದು ಗೊತ್ತಿಲ್ಲ, ನನ್ನ ಕಿವಿ ಅಷ್ಟು ಬೇಗ ಹಿಡಿಯುವುದಿಲ್ಲ. ತಿಂಡಿ ತಟ್ಟೆಯಲ್ಲಿ ಒಣಗಿತು, ಊಟದ ಹೊತ್ತೂ ಮೀರುತ್ತಿದೆ.

ನಿಮ್ಮನ್ನು ಬಾ ಎಂದು ಕರೆಯಲು ಇದನ್ನು ಬರೆಯುತ್ತಿಲ್ಲ. ಕರೆಯಲು, ನೀವು ಬರುವಿರೋ ಇಲ್ಲವೋ ಎಂದು ಕಾಯಲು, ಆಮೇಲೆ ಮತ್ತೆ ಜಗಳಾಡಲು ನನ್ನಲ್ಲಿ ತ್ರಾಣವಿಲ್ಲ. ಆಂಟೆನಾ ಸರಿಹೋಗಿದೆ ಎಂದು ತಿಳಿಸಬೇಕಿತ್ತು, ತಿಳಿಸಿದೆ. ಟೋಪಿ ಇಲ್ಲದೆ ಲಿಫ್ಟಿನ ಗುಂಡಿಗೆ ಇಳಿಯಬೇಡಿ.

ಇಂತಿ,
ಸುಟ್ಟ ಬೆರಳಿನ
ಕನ್ನಡಕದಂಗಡಿಯವಳು

ಮರೆತ ಮಾತು: ಕಿವಿ ಹಿಡಿಯುವುದಿಲ್ಲ ಎಂದು ಬರೆದದ್ದು ಸುಳ್ಳು. ಹೇಳಬೇಡ ಎಂದು ಮಾವ ನನ್ನಿಂದ ಭಾಷೆ ತೆಗೆದುಕೊಂಡಿದ್ದರು, ಅದಕ್ಕೇ ಮುಚ್ಚಿಟ್ಟೆ. ಅವರು ಕರೆಯುತ್ತಿರುವುದು ನಿಮ್ಮನ್ನು, ರೇಡಿಯೊದಲ್ಲಿ ನಿಮ್ಮ ಹೆಸರಾಗಿರುವ, ನಿಮ್ಮ ಲೈಸೆನ್ಸಿನ ಅಕ್ಷರಗಳನ್ನು. ಹೋಗುವಾಗ ನಿಮ್ಮ ಚಿಕ್ಕ ರೇಡಿಯೊವನ್ನು ಬಟ್ಟೆಯ ಜೊತೆ ತುಂಬಿಕೊಂಡದ್ದು ಅವರ ಕಣ್ಣು ತಪ್ಪಿರಲಿಲ್ಲ. ಆ ಮಾರನೆಯ ಬೆಳಿಗ್ಗೆಯಿಂದ ಕೀ ಕಳಚಿದ ದಿನದವರೆಗೂ, ಗೆಳೆಯರದ್ದೆಲ್ಲ ಆದ ಮೇಲೆ, ಅವರು ಕರೆದದ್ದು ನಿಮ್ಮನ್ನೇ. ಗೆಳೆಯರು ಉತ್ತರಿಸದಿದ್ದಕ್ಕಲ್ಲ ಅವರು ಕೀ ಕಳಚಿದ್ದು. ಅಷ್ಟು ದಿನ ನೀವು ಉತ್ತರಿಸದಿದ್ದುದಕ್ಕೆ ಕೇಬಲೇ ಕಾರಣ ಎಂದು ಈಗ ಅವರು ನಂಬಿಕೊಂಡಿದ್ದಾರೆ, ನಾನೂ ಹೂಂ ಎಂದಿದ್ದೇನೆ. ನಾಳೆ ಬೆಳಿಗ್ಗೆಯೂ ಕರೆಯುತ್ತಾರೆ. ಈಗ ಕೇಬಲ್ ಹೊಸದು.